ಅರ್ಧ ಗೇಣು ಹೆಚ್ಚಾದ ಪೆನಾಲ್ಟಿ ಚೌಕ

ಫುಟ್‌ಬಾಲ್ ಮೈದಾನಕ್ಕೆ ಸುಣ್ಣದ ಗೆರೆ ಹಾಕುವ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಕ್ಲಬ್ಬಿನ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರೆಲ್ಲರ ಬಾಯಲ್ಲಿ ಅವನು ಗೆರೆಯಣ್ಣ. ಮೂವತ್ತೊಂದು ವರ್ಷ ಅದೇ ಹುಲ್ಲು, ಅದೇ ಸುಣ್ಣದ ಗಾಡಿ, ವಾರಕ್ಕೆ ಎರಡು ಸಲ ಅದೇ ಗೆರೆ. ಅಂಗೈಯ ಸೀಳುಗಳಲ್ಲಿ ಸುಣ್ಣ ಕೂತು ಗಟ್ಟಿಯಾಗಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅವನೂ ತೊಳೆಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಅವನ ಮನೆ ಅಂದರೆ ಪ್ರೇಕ್ಷಕರ ಮೆಟ್ಟಿಲುಗಳ ಕೆಳಗಿನ ಒಂದು ಕೋಣೆ. ಮೆಟ್ಟಿಲು ಇಳಿದ ಹಾಗೆ ಸೂರೂ ಇಳಿಯುತ್ತಿತ್ತು. ಬಾಗಿಲ ಹತ್ತಿರ ನೆಟ್ಟಗೆ ನಿಲ್ಲಬಹುದು, ನಡುವಿಗೆ ಬಂದರೆ ತಲೆ ತಗ್ಗಿಸಬೇಕು, ಕೊನೆಯಲ್ಲಿ ಮಲಗುವುದಕ್ಕಷ್ಟೇ ಜಾಗ. ಗೋಲು ಬಿದ್ದಾಗ ಮೇಲೆ ಜನ ಕುಣಿದರೆ ನೀರಿನ ಕೊಡದೊಳಗೆ ಸಿಮೆಂಟಿನ ಪುಡಿ ಉದುರುತ್ತಿತ್ತು. ಅದಕ್ಕಾಗಿಯೇ ಅಕ್ಕ ಕೊಡದ ಮೇಲೆ ಎರಡು ತಟ್ಟೆ ಮುಚ್ಚುತ್ತಿದ್ದಳು.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಮದುವೆಯಾಗಿ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತಮ್ಮನ ಕೋಣೆಗೆ ಬಂದವಳು, ಅಲ್ಲೇ ಉಳಿದಳು. ಆಟಗಾರರ ಬಟ್ಟೆ ಒಗೆಯುವ ಕೆಲಸ ಹಿಡಿದಳು. ಆಟದ ಗಂಧಗಾಳಿ ಇಲ್ಲದವಳು. ಯಾರು ಗೆದ್ದರು ಎಂದು ಒಮ್ಮೆಯೂ ಕೇಳಿದವಳಲ್ಲ, ಅಂಗಿ ಕೈಗೆತ್ತಿಕೊಂಡರೆ ಅವಳಿಗೇ ತಿಳಿಯುತ್ತಿತ್ತು. ಮುಂಭಾಗ ಕೆಸರಾಗಿದ್ದರೆ ಗೆದ್ದಿದ್ದಾರೆ, ಬೆನ್ನೆಲ್ಲ ಕೆಸರಾಗಿದ್ದರೆ ಸೋತಿದ್ದಾರೆ. ಹತ್ತಕ್ಕೆ ಎಂಟು ಸಲ ಅವಳ ಲೆಕ್ಕ ಸರಿಯಿರುತ್ತಿತ್ತು.

ಗೆರೆ ಹಾಕುವ ದಿನ ಒಗೆಯುವುದನ್ನು ಬಿಟ್ಟು ಮೈದಾನಕ್ಕೆ ಇಳಿಯುತ್ತಿದ್ದಳು. ಗೆರೆಗೆ ಇಬ್ಬರು ಬೇಕು. ಹಗ್ಗದ ಒಂದು ತುದಿಯನ್ನು ಗೋಲು ಗೆರೆಯ ಹತ್ತಿರ ಒಬ್ಬರು ಕಾಲಡಿ ಒತ್ತಿ ನಿಲ್ಲಬೇಕು, ಇನ್ನೊಬ್ಬರು ಅದನ್ನು ಎಳೆದುಕೊಂಡು ಮೈದಾನದ ಒಳಗೆ ನಡೆಯಬೇಕು. ಹದಿನಾರೂವರೆ ಮೀಟರಿಗೆ ಹಗ್ಗದಲ್ಲಿ ಗಂಟು. ಗಂಟು ಎಲ್ಲಿ ನಿಂತಿತೋ ಅಲ್ಲಿ ಗೋಲಿನ ಮುಂದಿನ ದೊಡ್ಡ ಚೌಕದ ಗೆರೆ. ಆ ಚೌಕದ ಒಳಗೆ ಎದುರಾಳಿಯನ್ನು ಕೆಡವಿದರೆ ಪೆನಾಲ್ಟಿ, ಹೊರಗೆ ಕೆಡವಿದರೆ ಬರೀ ಒಂದು ಒದೆತ. "ಆಯ್ತಾ?" ಎಂದು ಅವನು ಬೆನ್ನು ತಿರುಗಿಸಿಯೇ ಕೂಗುವನು. "ಆಯ್ತು" ಎನ್ನುವಳು. ಮೂವತ್ತೊಂದು ವರ್ಷದಲ್ಲಿ ಆ ಹುಲ್ಲಿನ ಮೇಲೆ ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ಮಾತು ನಡೆದಿರಲಿಲ್ಲ. ಅವಳ ಈ ಕೆಲಸ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಲ್ಲಿ ಅವಳು ಬಟ್ಟೆ ಒಗೆಯುವವಳು, ಅಷ್ಟೇ.

ಪಂದ್ಯಗಳಿಗೆ ಬಿಡುವಿದ್ದ ಒಂದು ವಾರದಲ್ಲಿ, ಒಗೆಯುವ ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತಿದ್ದವಳು ಹಾಗೆಯೇ ಗೋಡೆಗೆ ಒರಗಿ ಹೋಗಿಬಿಟ್ಟಳು. ಯಂತ್ರ ಇನ್ನೂ ತಿರುಗುತ್ತಿತ್ತು. ಗೆರೆಯಣ್ಣ ಬಂದು ನೋಡಿದ, ಮುಟ್ಟಿದ. ಆಮೇಲೆ ಯಂತ್ರ ನಿಲ್ಲುವವರೆಗೆ ಪಕ್ಕದಲ್ಲೇ ನಿಂತು, ಬಟ್ಟೆ ತೆಗೆದು ಹರವಿ, ಜನರನ್ನು ಕರೆಯಲು ಹೋದ. ಮಣ್ಣು ಮಾಡುವಾಗಲೂ ಅವನ ಕಣ್ಣು ಒದ್ದೆಯಾಗಲಿಲ್ಲ. ಎದೆ ಕಲ್ಲಾಗಿದೆ ಎಂದರು ಕೆಲವರು. ಕಲ್ಲಾದರೆ ಭಾರವಾದರೂ ಇರಬೇಕಿತ್ತು. ಅವನಿಗೆ ಎದೆಯ ಜಾಗದಲ್ಲಿ ಭಾರವೂ ಕಾಣಲಿಲ್ಲ, ನೋವೂ ಕಾಣಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲು ಜೋಮು ಹಿಡಿದ ಹಾಗೆ ಇತ್ತು.

ಮೂರನೆಯ ದಿನ ಕೆಲಸಕ್ಕೆ ನಿಂತ. ಬಿಡುವಿನ ವಾರದಲ್ಲಿ ಹುಲ್ಲು ಬೋಳಿಸಿ ನೀರು ಹಾಯಿಸಿದ್ದರಿಂದ ಹಳೆಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಗೋಲು ಗೆರೆಗೆ ಕಂಬಗಳೇ ಆಧಾರ, ಅದಕ್ಕೆ ತೊಂದರೆಯಿಲ್ಲ. ಚೌಕ ಅಳೆಯುವುದಕ್ಕೆ ಹಗ್ಗದ ಆ ತುದಿ ಹಿಡಿಯುವವರು ಯಾರು? ಬೇರೆಯವರನ್ನು ಕರೆಯಲು ನಾಲಿಗೆ ಏಳಲಿಲ್ಲ. ಗೋಲು ಗೆರೆಯ ಒಳ ಅಂಚಿಗೆ ತಾಗಿಸಿ ಒಂದು ಕಬ್ಬಿಣದ ಗೂಟ ಹೊಡೆದ. ಅದಕ್ಕೆ ಹಗ್ಗ ಕಟ್ಟಿ, ಗಂಟಿನವರೆಗೆ ನಡೆದು, ಗುರುತು ಹಾಕಿದ. "ಆಯ್ತಾ" ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಎರಡು ವಾರ ಹೀಗೆ ನಡೆಯಿತು. ಮೂರನೆಯ ಶನಿವಾರ ಆ ಪಂದ್ಯ ಬಂತು.

ಊರಿನ ತಂಡದಲ್ಲಿ ಒಬ್ಬ ಮುಂಪಡೆಯ ಆಟಗಾರನಿದ್ದ. ಉದ್ದಕಾಲು ಎಂದರೆ ಮಕ್ಕಳಿಗೂ ಗೊತ್ತು. ಅವನನ್ನು ಕೊಳ್ಳಲು ದೊಡ್ಡ ಊರಿನ ದುಡ್ಡಿರುವ ಕ್ಲಬ್ಬೊಂದು ಬಂದಿತ್ತು. ಅವರ ಕಡೆಯ ಇಬ್ಬರು ಮೆಟ್ಟಿಲ ಮೇಲೆ ಕೂತು, ಇವನು ಉಸಿರಾಡಿದ್ದನ್ನೂ ಬರೆದುಕೊಳ್ಳುತ್ತಿದ್ದರು. ಆಟ ಮುಗಿಯಲು ಹತ್ತು ನಿಮಿಷವಿತ್ತು, ಎರಡೂ ಕಡೆ ಸೊನ್ನೆ. ಉದ್ದಕಾಲು ಚೆಂಡು ಹಿಡಿದು ನುಗ್ಗಿದ. ಚೌಕದ ಅಂಚಿನಲ್ಲಿ ಎದುರಾಳಿ ಕಾಲು ಅಡ್ಡ ಕೊಟ್ಟ. ಇವನು ಉರುಳಿದ. ರೆಫರಿ ಸೀಟಿ ಊದಿ, ಹೊರಗೆ ಎಂದು ಕೈ ತೋರಿಸಿದ. ಆಮೇಲೆ ಕಿವಿಗೆ ಬೆರಳಿಟ್ಟುಕೊಂಡು ನಿಂತ. ವಿಡಿಯೊ ಕೋಣೆಯಲ್ಲಿ ಕೂತವರು ಅದನ್ನೇ ಹಿಂದೆ ಮುಂದೆ ಓಡಿಸಿ ನೋಡಿದರು. ನಾಲ್ಕು ನಿಮಿಷ ಹಿಡಿಯಿತು. ತಾಗಿದ್ದು ಗೆರೆಯ ಮೇಲೆ, ಗೆರೆ ಅಂದರೆ ಚೌಕವೇ, ಆದ್ದರಿಂದ ಪೆನಾಲ್ಟಿ. ಉದ್ದಕಾಲು ಒದ್ದ, ಗೋಲಾಯಿತು, ಊರು ಗೆದ್ದಿತು.

ಸಂಜೆ ಟೀ ಅಂಗಡಿ ಕಿಕ್ಕಿರಿದಿತ್ತು. ಗೋಡೆಯ ಟಿವಿಯಲ್ಲಿ ಅದೇ ಕಾಲು, ಅದೇ ಗೆರೆ, ಮತ್ತೆ ಮತ್ತೆ. ಆ ಅಂಗಡಿಯಲ್ಲಿ ಎರಡು ಪಕ್ಷ. ಒಂದಕ್ಕೆ ರಿಟೈರಾದ ಬಸ್ ಕಂಡಕ್ಟರ್ ಯಜಮಾನ, ಇನ್ನೊಂದಕ್ಕೆ ವಾಚ್ ರಿಪೇರಿಯವನು. ಇಬ್ಬರೂ ಒಂದೇ ತಂಡದ ಭಕ್ತರು, ಜಗಳ ಬೇಕೆಂದು ಪಕ್ಷ ಹಂಚಿಕೊಂಡವರು. ಹೀಗಾಗಿ ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬನಿಗೆ ಟೀ ರುಚಿಸುತ್ತಿರಲಿಲ್ಲ.

ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟವನೂ ಪ್ರಯಾಣಿಕನೇ, ಅವನಿಗೂ ಟಿಕೆಟ್ ಹರಿಯಲೇಬೇಕು, ಇದರಲ್ಲಿ ನೋಡುವುದೇನಿದೆ ಎಂಬುದು ಕಂಡಕ್ಟರನ ವಾದ. ಮುಳ್ಳು ಹನ್ನೆರಡನ್ನು ಮುಟ್ಟುವವರೆಗೆ ಹನ್ನೆರಡಾಗುವುದಿಲ್ಲ, ವಿಡಿಯೊದವರು ಚಿತ್ರವನ್ನು ಒಂದು ಕೂದಲೆಳೆ ತಡವಾಗಿ ನಿಲ್ಲಿಸಿದ್ದಾರೆ, ಕಾಲು ಮೊದಲು ತಾಗಿದ್ದು ಹೊರಗೆ ಎಂಬುದು ವಾಚಿನವನದು.

"ನಿನ್ನ ಅಂಗಡೀಲಿ ಹನ್ನೆರಡು ವಾಚ್ ಹನ್ನೆರಡು ಟೈಮ್ ತೋರಿಸ್ತವೆ. ನೀನು ನಮಗೆ ನಿಮಿಷ ಹೇಳ್ಕೊಡ್ತೀಯ?" ಎಂದ ಕಂಡಕ್ಟರ್.

"ಅವು ರಿಪೇರಿಗೆ ಬಂದಿರೋವು ಕಣಯ್ಯ. ನಿನ್ನ ಬಸ್ಸು ರಿಪೇರಿ ಇಲ್ಲದೇನೇ ಎರಡು ಗಂಟೆ ಲೇಟು ಬರ್ತಿತ್ತಲ್ಲ."

ಮಾತು ಉದ್ದಕಾಲಿನ ಬೆಲೆಗೆ ಹೊರಳಿತು. ನಿನ್ನೆಯವರೆಗೆ ಒಂದೂವರೆ ಕೋಟಿ ಎನ್ನುತ್ತಿದ್ದವರು ಈ ಗೋಲಾದ ಮೇಲೆ ಎರಡರ ಮಾತಾಡುತ್ತಿದ್ದಾರಂತೆ. ಮೂರಕ್ಕಿಂತ ಕಮ್ಮಿಗೆ ಬಿಡಬಾರದು, ಈ ವರ್ಷ ಹದಿನೆಂಟು ಗೋಲು ಹೊಡೆದಿದ್ದಾನೆ ಎಂದ ಕಂಡಕ್ಟರ್. ಅದರಲ್ಲಿ ಏಳು ಪೆನಾಲ್ಟಿ, ಆ ಏಳರಲ್ಲಿ ಐದು ವಿಡಿಯೊದವರು ಕರೆದು ಕೊಟ್ಟಿದ್ದು ಎಂದು ವಾಚಿನವನು ಬೆರಳು ಮಡಚಿದ. ಓಡುವುದಕ್ಕೆ ಎಷ್ಟು, ಬೀಳುವುದಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ಬೆಲೆ ಕಟ್ಟಲಿ ಎಂದಾಗ ಅಂಗಡಿಯೆಲ್ಲ ನಕ್ಕಿತು.

ಗೆರೆಯಣ್ಣ ಮೂಲೆಯ ಬೆಂಚಿನಲ್ಲಿ ಕೂತು ಟೀ ಕುಡಿಯುತ್ತಿದ್ದ. ಆಟದ ವಿಷಯದಲ್ಲಿ ಅವನನ್ನು ಯಾರೂ ಕೇಳುತ್ತಿರಲಿಲ್ಲ, ಅವನೂ ಮೂಗು ತೂರಿಸುತ್ತಿರಲಿಲ್ಲ. ಅಷ್ಟರಲ್ಲಿ ಟಿವಿಯಲ್ಲಿ ಹೊಸ ಸುದ್ದಿ ಬಂತು. ಸೋತ ತಂಡದವರು ದೂರು ಕೊಟ್ಟಿದ್ದಾರೆ. ಅವರ ಪ್ರಕಾರ ಚೌಕವೇ ಅಳತೆಗಿಂತ ದೊಡ್ಡದಿದೆ. ಸೋಮವಾರ ಬೆಳಗ್ಗೆ ಲೀಗ್ ಕಚೇರಿಯಿಂದ ಬಂದು ಅಳೆಯುತ್ತಾರೆ.

ಅಂಗಡಿಯಲ್ಲಿದ್ದವರೆಲ್ಲ ಮೂಲೆಯ ಕಡೆ ತಿರುಗಿದರು.

"ಏನಣ್ಣ, ಊರಿನ ಮೇಲಿನ ಪ್ರೀತಿಗೆ ಒಂದು ಹಿಡಿ ಸುಣ್ಣ ಜಾಸ್ತಿ ಸುರಿದೆಯಾ?" ಎಂದ ವಾಚಿನವನು. ಅವನದು ಬರೀ ತಮಾಷೆ.

"ಬಾಯಿ ತೊಳ್ಕೊಂಡು ಮಾತಾಡು. ಅವನ ಗೆರೆ ಹಿಡ್ಕೊಂಡು ನಿನ್ನ ವಾಚು ತಿದ್ದಬಹುದು," ಎಂದ ಕಂಡಕ್ಟರ್.

ಗೆರೆಯಣ್ಣ ಲೋಟ ಕೆಳಗಿಟ್ಟ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಳೆ ಅಳೆದು ಬಂದು ಹೇಳುತ್ತೇನೆ ಎಂದಷ್ಟೇ ಹೇಳಿ ಎದ್ದ.

ಭಾನುವಾರ ಬೆಳಕು ಹರಿಯುತ್ತಲೇ ಉಗ್ರಾಣದಿಂದ ಉಕ್ಕಿನ ಟೇಪು ತಂದ. ಅದನ್ನು ಬಿಚ್ಚಿ ಎಷ್ಟೋ ವರ್ಷವಾಗಿತ್ತು. ಹಗ್ಗದ ಗಂಟಿನ ಮೇಲಿದ್ದ ನಂಬಿಕೆ ಅವನಿಗೆ ಟೇಪಿನ ಮೇಲಿರಲಿಲ್ಲ. ಮೊದಲು ಹಗ್ಗವನ್ನೇ ಅಳೆದ. ಗಂಟು ಹದಿನಾರೂವರೆಗೆ ಸರಿಯಾಗಿತ್ತು. ಆಮೇಲೆ ನೆಲ ಅಳೆದ. ಗೋಲು ಗೆರೆಯ ಒಳ ಅಂಚಿನಿಂದ ಚೌಕದ ಗೆರೆಯ ಹೊರ ಅಂಚಿಗೆ ಹದಿನಾರೂವರೆ, ಒಂದು ಎಳ್ಳಿನಷ್ಟೂ ಹೆಚ್ಚುಕಮ್ಮಿ ಇಲ್ಲ. ಗೆದ್ದೆ ಎನ್ನುವಂತೆ ಟೇಪು ಸುತ್ತತೊಡಗಿದವನು ಗೋಲು ಗೆರೆಯ ಆಚೆ ಕಡೆ ಕಣ್ಣು ಹೋಗಿ ಅಲ್ಲಿಯೇ ನಿಂತ.

ಗೋಲು ಗೆರೆಯ ಹೊರ ಅಂಚಿಗೆ ತಾಗಿದಂತೆ, ಮೈದಾನದ ಆಚೆಗೆ, ಹಿಮ್ಮಡಿಯಗಲದ ಒಂದು ಬೋಳು ಜಾಗವಿತ್ತು. ಹುಲ್ಲು ಸತ್ತು ಮಣ್ಣು ನುಣುಪಾಗಿತ್ತು. ಚೌಕದ ಇನ್ನೊಂದು ಮೂಲೆಗೆ ಹೋದ, ಅಲ್ಲೂ ಇತ್ತು. ಮೈದಾನ ದಾಟಿ ಎದುರಿನ ಗೋಲಿಗೆ ಹೋದ. ಅಲ್ಲೂ ಎರಡು. ಮೂವತ್ತೊಂದು ವರ್ಷ, ವಾರಕ್ಕೆ ಎರಡು ಸಲ, ಒಂದೇ ಹಿಮ್ಮಡಿ.

ಅಕ್ಕ ಹಗ್ಗವನ್ನು ಗೋಲು ಗೆರೆಯ ಹೊರ ಅಂಚಿಗೆ ಹಿಡಿಯುತ್ತಿದ್ದಳು. ಗೋಲು ಗೆರೆಯ ಅಗಲವೂ ಅಳತೆಯೊಳಗೆ ಸೇರಬೇಕು. ಅದು ನಿಯಮ, ಅವನಿಗೆ ಈಗ ಹೊಳೆದದ್ದು ಅವಳಿಗೆ ಮೊದಲೇ ಗೊತ್ತಿತ್ತು. ಮೊದಲ ವಾರವೇ ಯಾರೋ ಹೇಳಿಕೊಟ್ಟಿರಬೇಕು, ಅವಳು ಬಿಡದೆ ಹಿಡಿದುಕೊಂಡು ಬಂದಿದ್ದಳು. ಗಂಟಿನ ತುದಿಯಲ್ಲೇ ಇದ್ದ ಗೆರೆಯಣ್ಣ ಅವಳ ಕಾಲು ಎಲ್ಲಿದೆ ಎಂದು ಒಂದು ದಿನವೂ ತಿರುಗಿ ನೋಡಿರಲಿಲ್ಲ. ಬಿಳಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅಳತೆ ಶುರು ಎಂದುಕೊಂಡು ಒಳ ಅಂಚಿಗೆ ಗೂಟ ಹೊಡೆದಿದ್ದ. ಹೀಗಾಗಿ ಚೌಕ ಒಂದು ಗೆರೆಯಗಲ ಮುಂದಕ್ಕೆ ಸರಿದಿತ್ತು. ಹನ್ನೆರಡು ಸೆಂಟಿಮೀಟರು, ಅರ್ಧ ಗೇಣು. ಉದ್ದಕಾಲಿಗೆ ಕಾಲು ತಾಗಿದ್ದು ಆ ಅರ್ಧ ಗೇಣಿನಲ್ಲೇ.

ಅವನು ಹುಲ್ಲಿನ ಮೇಲೆ ಕೂತ. ಈಗಲಾದರೂ ಅಳು ಬರುತ್ತದೇನೋ ಎಂದು ಕಾದ. ಬಿಸಿಲು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು, ಅಳು ಬರಲಿಲ್ಲ. ಎದ್ದು ಟೇಪನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಉಗ್ರಾಣಕ್ಕಿಟ್ಟ.

ಒಂಬತ್ತಕ್ಕೆ ಕ್ಲಬ್ಬಿನ ಸೆಕ್ರೆಟರಿ ಬಂದರು. ಇಸ್ತ್ರಿ ಕೆಡದ ಮನುಷ್ಯ. ಗೆರೆಯಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ಗೋಲು ಗೆರೆಯವರೆಗೆ ನಡೆದು ಹೋಗಿ ನೋಡಿ ಬಂದರು. ಬೈಯಲಿಲ್ಲ, ಸುಳ್ಳು ಹೇಳು ಎಂದೂ ಅನ್ನಲಿಲ್ಲ. ಇವತ್ತು ಭಾನುವಾರ ತಾನೇ ಎಂದು ಕೇಳಿದರು. ಬುಧವಾರದ ಪಂದ್ಯಕ್ಕೆ ಭಾನುವಾರ ಹೊಸ ಗೆರೆ ಬೀಳುವುದು ಮೊದಲಿನಿಂದ ಬಂದ ರೂಢಿ.

"ದಿನದ ಕೆಲಸ ದಿನ ಮಾಡಿ, ಗೆರೆಯಣ್ಣ. ಚೆನ್ನಾಗಿ ನೀರು ಬಿಟ್ಟು, ಸರಿಯಾಗಿ ಅಳೆದು ಹಾಕಿಬಿಡಿ. ನಾಳೆ ಬಂದವರು ಸರಿಯಾಗಿರೋದನ್ನೇ ಅಳೀತಾರೆ. ನಾವು ತಪ್ಪೇನು ಮಾಡಿದ ಹಾಗಾಯ್ತು?"

ಗೆರೆಯಣ್ಣ ತಲೆಯಾಡಿಸಿದ. ಹೋಗುವಾಗ ಅವರು ಇನ್ನೊಂದು ಮಾತು ಹೇಳಿದರು, ಮೆಲ್ಲಗೆ, ಒಳ್ಳೆಯದಕ್ಕೇ ಹೇಳಿದ ಹಾಗೆ. ಗೆರೆ ತಪ್ಪಿತ್ತು ಅಂತ ಬರವಣಿಗೆಯಲ್ಲಿ ಬಂದರೆ ಸಮಿತಿಯವರು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ, ಕೆಲಸ ಇಲ್ಲದಿದ್ದರೆ ಕೋಣೆಯೂ ಇಲ್ಲ.

ನೀರಿನ ಪೈಪು ಎಳೆದು ತಂದ. ನಲ್ಲಿಯ ಮೇಲೆ ಕೈಯಿಟ್ಟ. ತಿರುಗಿಸಿದರೆ ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತದೆ, ಮಧ್ಯಾಹ್ನದೊಳಗೆ ಸರಿಯಾದ ಚೌಕ ಬೀಳುತ್ತದೆ. ಅವನು ತಪ್ಪಿದ್ದು ಯಾರಿಗೂ ತಿಳಿಯುವುದಿಲ್ಲ. ಅಕ್ಕ ಸರಿಯಿದ್ದದ್ದೂ ಯಾರಿಗೂ ತಿಳಿಯುವುದಿಲ್ಲ. ಅವಳು ಹೋದ ಮೇಲೆ ಈ ಮೈದಾನದಲ್ಲಿ ಏನೂ ಕೆಡಲಿಲ್ಲ, ಎಲ್ಲ ಅಳತೆ ಮೊದಲಿನಂತೆಯೇ ಇದೆ ಎಂದು ನಾಳೆ ಕಾಗದದಲ್ಲಿ ಬರೆಯುತ್ತಾರೆ.

ಅಷ್ಟು ಹೊತ್ತಿಗೆ ಉದ್ದಕಾಲು ಬಂದ. ಅವನಿಗೂ ಸುದ್ದಿ ಮುಟ್ಟಿತ್ತು. ಕೋಣೆಯ ಹೊರಗಿನ ಕಲ್ಲಿನ ಮೇಲೆ ಕೂತು ಮೊಣಕಾಲು ಸವರಿಕೊಂಡ. ಅಲ್ಲಿ ಕೂತೇ ಅವನು ಅಕ್ಕನಿಂದ ಕಾಲುಚೀಲ ಹೊಲಿಸಿಕೊಳ್ಳುತ್ತಿದ್ದದ್ದು.

"ಆ ಗೋಲು ಹೋದರೆ ಅವರು ನನ್ನ ತಗೊಳ್ತಾರೋ ಬಿಡ್ತಾರೋ ಗೊತ್ತಿಲ್ಲ, ಅಣ್ಣ. ನಾನು ನಿನಗೇನೂ ಹೇಳೋಕೆ ಬಂದಿಲ್ಲ."

"ಮತ್ತೆ ಯಾಕೆ ಬಂದೆ?"

"ಗೊತ್ತಿಲ್ಲ," ಎಂದ ಉದ್ದಕಾಲು. ಕಾಲು ಚಾಚಿ, "ಅವನು ಕಾಲು ಕೊಟ್ಟಾಗ ಗೆರೆ ಇನ್ನೂ ದೂರ ಇರಬೇಕಿತ್ತಲ್ಲ ಅನ್ನಿಸ್ತು. ನನ್ನ ಕಾಲಿಗೆ ಹೆಜ್ಜೆ ಲೆಕ್ಕ ಗೊತ್ತು. ವಿಡಿಯೊದಲ್ಲಿ ನೋಡಿದ ಮೇಲೆ, ನನ್ನ ಕಾಲೇ ತಪ್ಪಿರಬೇಕು ಅಂದ್ಕೊಂಡೆ," ಎಂದ.

"ನಿನ್ನ ಕಾಲು ಸರಿಯಿತ್ತು," ಎಂದ ಗೆರೆಯಣ್ಣ.

ಉದ್ದಕಾಲು ಹೋದ ಮೇಲೆ ಗೆರೆಯಣ್ಣ ಪೈಪನ್ನು ಸುತ್ತಿ ಮೊದಲಿದ್ದ ಜಾಗಕ್ಕಿಟ್ಟ. ಧೈರ್ಯ ಮಾಡಿದೆ ಎಂದು ಅವನಿಗೆ ಅನ್ನಿಸಲಿಲ್ಲ, ಭಯವೂ ಆಗಲಿಲ್ಲ. ಸಂಜೆ ಟೀ ಅಂಗಡಿಗೆ ಹೋಗಿ, ಕೊಟ್ಟ ಮಾತಿನಂತೆ, ಚೌಕ ಅರ್ಧ ಗೇಣು ಹೆಚ್ಚಿದೆ ಎಂದು ಹೇಳಿದ. ಹುಲ್ಲು ಒದ್ದೆಯಿದ್ದಾಗ ಟೇಪು ಉಬ್ಬುತ್ತದೆ, ನಿನಗೆ ಅಳೆಯಲು ಬರಲಿಲ್ಲ ಎಂದು ಕಂಡಕ್ಟರ್ ಹಾರಿಬಿದ್ದ. ಉಕ್ಕು ಉಬ್ಬುವುದನ್ನು ಈಗಲೇ ಕೇಳಿದ್ದು ಎಂದ ವಾಚಿನವನು. ಹಾಗೆಂದು ಅವನೂ ಇದನ್ನು ಒಪ್ಪಲಿಲ್ಲ. ಚೌಕ ಎಷ್ಟಾದರೂ ಇರಲಿ, ತಪ್ಪು ಚಿತ್ರ ನಿಲ್ಲಿಸಿದವರದು ಎಂಬ ತನ್ನ ವಾದವನ್ನು ಈ ಸುದ್ದಿ ಹಾಳುಮಾಡುತ್ತಿತ್ತು. ಇಬ್ಬರೂ ಮೊದಲ ಸಲ ಒಂದಾಗಿ ಅವನನ್ನು ಗದರಿಸಿ ಕೂರಿಸಿದರು.

ಸೋಮವಾರ ಹತ್ತಕ್ಕೆ ಲೀಗ್ ಕಚೇರಿಯ ಅಧಿಕಾರಿ ಬಂದರು. ಐವತ್ತರ ಆಸುಪಾಸಿನ ಹೆಂಗಸು, ತಲೆಗೆ ಬಿಸಿಲ ಟೋಪಿ, ಹೆಗಲಿಗೆ ಚೀಲ. ಸೆಕ್ರೆಟರಿ ನಗುತ್ತಲೇ ಜೊತೆಗೆ ಇಳಿದು ಬಂದವರು, ಹಳೆಯ ಗೆರೆ ಹಾಗೇ ಇರುವುದನ್ನು ನೋಡಿ ನಗುವುದನ್ನು ನಿಲ್ಲಿಸಿದರು. ಅಧಿಕಾರಿ ಟೇಪಿನ ಒಂದು ತುದಿಯನ್ನು ಗೆರೆಯಣ್ಣನ ಕೈಗೆ ಕೊಟ್ಟರು. ಅವನು ಗೋಲು ಗೆರೆಯ ಹೊರ ಅಂಚಿಗೆ ಇಟ್ಟು ಒತ್ತಿ ಹಿಡಿದ. ಹದಿನಾರು ಮೀಟರ್ ಅರವತ್ತೆರಡು. ನಾಲ್ಕು ಮೂಲೆಯಲ್ಲೂ ಅಷ್ಟೇ.

ಅವರ ಕಾಗದದಲ್ಲಿ ಕಾರಣ ಎಂದೊಂದು ಮನೆಯಿತ್ತು. ಪೆನ್ನು ಅಲ್ಲಿಗೆ ಬಂದು ನಿಂತಿತು.

"ಕಾರಣ ಏನು ಬರೀಲಿ? ನೀವೇ ಅಲ್ವಾ ಹಾಕಿದ್ದು?"

"ನಾನೇ ಮೇಡಂ. ಈ ತುದಿ ನಮ್ಮಕ್ಕ ಹಿಡೀತಿದ್ಳು. ಅವಳು ಹೊರ ಅಂಚಿಗೆ ಹಿಡೀತಿದ್ಳು, ನಾನು ನೋಡಿರಲಿಲ್ಲ. ಅವಳು ತೀರಿಕೊಂಡ ಮೇಲೆ ಒಳಗೆ ಗೂಟ ಹೊಡೆದೆ. ಅವಳಿದ್ದಷ್ಟು ದಿನ ಸರಿಯಿತ್ತು. ಅದನ್ನೇ ಬರೀರಿ."

ಅವರು ಅವನ ಮುಖ ನೋಡಿದರು. ಅಲ್ಲಿ ನೋಡುವುದಕ್ಕೇನೂ ಇರಲಿಲ್ಲ. ಅಷ್ಟೆಲ್ಲ ಬರೆಯಲು ಜಾಗವಿಲ್ಲ ಎಂದು, ಸ್ವಲ್ಪ ಯೋಚಿಸಿ, ಒಂದು ಸಾಲು ಬರೆದು ಸಹಿಗೆ ಮುಂದೆ ಹಿಡಿದರು. "ಹಿಂದಿನ ಅಳತೆಗಳು ಸರಿ. ಅಳತೆ ಹಿಡಿಯುತ್ತಿದ್ದ ಎರಡನೆಯ ಕೆಲಸಗಾರರು ಈಗ ಇಲ್ಲ." ಗೆರೆಯಣ್ಣ ಅದನ್ನು ಎರಡು ಸಲ ಓದಿದ. ಕೆಲಸಗಾರರು ಎಂದಿತ್ತು. ಬಹುವಚನ ಹಚ್ಚಿ ಬರೆದಿದ್ದರು. ಸಹಿ ಹಾಕಿದ.

ವಾರದ ಕೊನೆಗೆ ತೀರ್ಪು ಬಂತು. ಆ ಹೊತ್ತಿಗೆ ನೆಲದ ಮೇಲೆ ಇದ್ದ ಗೆರೆಯನ್ನೇ ವಿಡಿಯೊದವರು ನೋಡಿದ್ದು, ಅವರದು ತಪ್ಪಿಲ್ಲ, ಗೋಲು ಗೋಲೇ. ದೊಡ್ಡ ಊರಿನ ಕ್ಲಬ್ಬಿನವರು ಉದ್ದಕಾಲನ್ನು ಒಂದೂವರೆ ಕೋಟಿಗೇ ಕೊಂಡರು. ಆ ಗೋಲನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲವಂತೆ, ಓಟ ನೋಡಲು ಬಂದಿದ್ದರಂತೆ. ಗೆರೆ ಹಾಕುವ ಕೆಲಸ ಯಂತ್ರವಿರುವ ಒಂದು ಕಂಪನಿಗೆ ಹೋಯಿತು. ಕೋಣೆಯನ್ನು ಖಾಲಿ ಮಾಡಿಸುತ್ತಾರೆ ಎಂದು ಗೆರೆಯಣ್ಣ ಪಾತ್ರೆ ಕಟ್ಟಿಟ್ಟಿದ್ದ. ಸೆಕ್ರೆಟರಿ ಬಂದು, ಸೂರು ತಲೆಗೆ ಬಡಿಯುವ ಈ ಗೂಡು ಬೇರೆ ಯಾರಿಗೂ ಬೇಡ, ಇಲ್ಲೇ ಇರಿ, ಪಂದ್ಯದ ದಿನ ಮೂರನೆಯ ಗೇಟಿನಲ್ಲಿ ಟಿಕೆಟ್ ಹರಿಯಿರಿ ಎಂದರು. ಅದು ಕರುಣೆಯೋ ಶಿಕ್ಷೆಯೋ ಅವನು ಕೇಳಲಿಲ್ಲ. ಕಟ್ಟಿದ್ದನ್ನು ಬಿಚ್ಚಿದ.

ಮೂರನೆಯ ಗೇಟಿನಿಂದ ಮೈದಾನ ಕಾಣುವುದಿಲ್ಲ. ಮೆಟ್ಟಿಲುಗಳ ಬೆನ್ನು, ಒಂದು ಕಬ್ಬಿಣದ ಸರಳು, ಸೈಕಲ್ಲು ನಿಲ್ಲಿಸುವ ಜಾಗ, ಅಷ್ಟೇ. ಮೊದಲ ಪಂದ್ಯದ ದಿನ ಅವನು ಟಿಕೆಟ್ಟುಗಳನ್ನು ನೇರವಾಗಿ, ಚುಕ್ಕೆಗೆ ಸರಿಯಾಗಿ ಹರಿದು ಕೊಟ್ಟ. ಆಟ ಶುರುವಾಗಿ ಬಹಳ ಹೊತ್ತಿನ ಮೇಲೆ ಒಳಗಿನಿಂದ ಒಮ್ಮೆಗೇ ಗದ್ದಲ ಎದ್ದಿತು, ಗೋಲಿನದೇ ಗದ್ದಲ. ಅಷ್ಟರಲ್ಲೇ ಅದು ಕಡಿಮೆಯಾಗುತ್ತ ಬಂದು, ಸಾವಿರಾರು ಜನ ಇದ್ದೂ ಇಲ್ಲದ ಹಾಗೆ, ನಿಂತುಹೋಯಿತು.

ತಡವಾಗಿ ಓಡಿ ಬಂದವನೊಬ್ಬ ಏದುಸಿರಲ್ಲಿ ಟಿಕೆಟ್ ಚಾಚಿದ. "ಏನಾಯ್ತಣ್ಣ? ಗೋಲಾ?"

"ಗೊತ್ತಿಲ್ಲಪ್ಪ," ಎಂದ ಗೆರೆಯಣ್ಣ. "ವಿಡಿಯೊದವರು ಇನ್ನೂ ನೋಡ್ತಾ ಇದ್ದಾರೆ."

ಬಂದವನು ಒಳಗೆ ಓಡಲಿಲ್ಲ, ಅವನ ಪಕ್ಕದಲ್ಲೇ ನಿಂತ. ಇಬ್ಬರೂ ಮೆಟ್ಟಿಲುಗಳ ಬೆನ್ನನ್ನು ನೋಡುತ್ತ ಕಾದರು.